ತಳಕು ದಾಟದ ಬೆಲ್ಟು

ನಮ್ಮ ಮೇಸ್ತ್ರಿಯ ಬಲಗೈ ಹೆಬ್ಬೆರಳಿನ ಉಗುರು ಆಮೆಯ ಚಿಪ್ಪಿನಂತೆ ದಪ್ಪಗೆ, ಕಪ್ಪಗೆ, ನಡುವೆ ಒಂದು ಸೀಳು ಬಿಟ್ಟುಕೊಂಡಿತ್ತು. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿದ್ದ ತಗಡಿನ ಶೆಡ್ಡಿನಲ್ಲಿ ಅದೇ ಅವರ ಮೀಟರು. ಗಾಡಿಯ ಪೈಪಿಗೋ ಬೆಲ್ಟಿಗೋ ಉಗುರು ಒತ್ತುವರು. ಗುರುತು ತಟ್ಟನೆ ಮಾಯವಾದರೆ ರಬ್ಬರಿನಲ್ಲಿ ಜೀವ ಇದೆ, ಹಾಗೇ ಉಳಿದರೆ ಮುಗಿಯಿತು. ಆಮೇಲೆ ಕಿವಿಯ ಸಂದಿಯಿಂದ ಸೀಮೆಸುಣ್ಣ ತೆಗೆದು, ಆ ಭಾಗ ಯಾವ ಊರಿನವರೆಗೆ ಬಾಳುತ್ತದೋ ಆ ಊರಿನ ಮೊದಲಕ್ಷರ ಬರೆಯುವರು. 'ಹು' ಎಂದರೆ ಹುಬ್ಬಳ್ಳಿ, ಯೋಚನೆ ಬೇಡ. 'ತ' ಎಂದರೆ ತಳಕು, ಅರ್ಧ ಗಂಟೆಯ ದಾರಿ, ಇಲ್ಲೇ ಬದಲಿಸಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅವರ ಕೈಕೆಳಗೆ ಸೇರಿದ ನನಗೆ ಒಂದು ಅಕ್ಷರದ ಬೆಲೆ ತಿಳಿದದ್ದು ಅಲ್ಲಿ.

ಮೊಳಕಾಲ್ಮೂರಿನ ಸೀರೆ ಸಾಹುಕಾರನ ಬಳಿ ಒಂದು ಕೆಂಪು ಸ್ಪೋರ್ಟ್ಸ್ ಕಾರಿತ್ತು. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಇಪ್ಪತ್ತು ವರ್ಷದ ಹಳೆಯ ಗಾಡಿ. ದೂರದ ಪ್ರಯಾಣಕ್ಕೆ ಮೊದಲು ಏನೇನು ಬದಲಿಸಬೇಕು ನೋಡಿ ಎಂದು ತಂದಿದ್ದ. ಮೇಸ್ತ್ರಿ ಒಂದು ಬೆಳಗ್ಗೆಯೆಲ್ಲ ಉಗುರು ಒತ್ತಿದರು.

"ಶಾಕ್ ಅಬ್ಸಾರ್ಬರ್ ಮುಟ್ಟಬೇಡ್ರಿ, ಹುಬ್ಬಳ್ಳಿ ತನಕ ಬರ್ತೈತೆ. ವಯಸ್ಸಾದ ಗಾಡಿನ ಎಲ್ಲಾ ಬಿಚ್ಚಿದ್ರೆ, ಬಿಚ್ಚಿದ್ದಕ್ಕೇ ಕೆಡ್ತೈತೆ. ಇಂಜಿನ್ನಿನ ಈ ಬೆಲ್ಟು ಮಾತ್ರ ತಳಕು ದಾಟಲ್ಲ."

"ಏಮಯ್ಯಾ ಮೇಸ್ತ್ರಿ, ಚೆನ್ನಾಗಿ ಓಡೋ ಗಾಡಿಗೆ ಕಾಯಿಲೆ ಹಚ್ತೀಯಾ?"

"ಕಾಯಿಲೆ ಹಚ್ಚಲ್ಲ ಸಾವ್ಕಾರ್ರೇ, ಐತೆ ಅಂತ ಹೇಳ್ತೀನಿ. ತುಂಡಾದ್ರೆ ಇಂಜಿನ್ನೇ ಹೋಗ್ತೈತೆ."

ಅವನು ನಕ್ಕು ಬಾಗಿಲು ಹಾಕಿಕೊಂಡು ಹೊರಟ. ಬೆಲ್ಟಿನ ಮುಚ್ಚಳದ ಮೇಲೆ 'ತ' ಹಾಗೇ ಇತ್ತು.

ಒಂದು ಗಂಟೆಯೊಳಗೆ ಫೋನು ಬಂತು. ಮೇಸ್ತ್ರಿಯನ್ನು ಕೂರಿಸಿಕೊಂಡು ಬೈಕಿನಲ್ಲಿ ಹೋದೆ. ತಳಕಿನ ಟೀ ಅಂಗಡಿಯ ಎದುರು ಕಾರು ಬಾನೆಟ್ಟು ತೆರೆದುಕೊಂಡು ನಿಂತಿತ್ತು. ಸಾಹುಕಾರ ಬಗ್ಗಿ, ಕರ್ಚೀಫಿನಿಂದ ಮುಚ್ಚಳದ ಮೇಲಿನ ಅಕ್ಷರವನ್ನು ಒರೆಸುತ್ತಿದ್ದ. ಇದನ್ನು ನಾನು ಕಣ್ಣಾರೆ ಕಂಡೆ. ಒರೆಸಿ, ಕರ್ಚೀಫು ಜೇಬಿಗಿಟ್ಟು, ಅಲ್ಲಿದ್ದ ಜನರ ಕಡೆ ತಿರುಗಿದ.

"ನೋಡ್ರಪ್ಪಾ, ಗಾಡಿ ನೋಡು ಅಂತ ಕೊಟ್ಟಿದ್ದೆ. ಬೆಲ್ಟು ಹೋಗ್ತೈತೆ ಅಂತ ಒಂದು ಮಾತೂ ಅನ್ನಲಿಲ್ಲ. ಮುಚ್ಚಳ ಬಿಚ್ಚಿ ಬೆಲ್ಟು ಸಡಿಲ ಬಿಟ್ಟವ್ನೆ!"

ಮೇಸ್ತ್ರಿ ಆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು, ಅಷ್ಟೇ. ನಾನು ಮುಂದೆ ನುಗ್ಗಿದರೆ ಅಂಗಿ ಹಿಡಿದು ಎಳೆದರು. ಸವೆದು, ಹೆಣೆದ ದಾರ ಹಿಂಜಿಹೋಗಿ ತುಂಡಾಗಿದ್ದ ಬೆಲ್ಟನ್ನು ಎತ್ತಿಕೊಂಡು ಬಂದೆ. ಯಾರೂ ಅದನ್ನು ನೋಡಲು ಕೇಳಲಿಲ್ಲ.

ಆ ಮಾತು ಮೊಳಕಾಲ್ಮೂರಿನಿಂದ ಚಳ್ಳಕೆರೆಯವರೆಗೆ ಹಬ್ಬಿತು. ಕಾರುಗಳು ಶೆಡ್ಡಿನ ಮುಂದೆ ನಿಧಾನವಾಗುವುದನ್ನೂ ಬಿಟ್ಟವು. ಎರಡು ವರ್ಷ ಮೇಸ್ತ್ರಿ ಪಂಪ್‌ಸೆಟ್ಟು ರಿಪೇರಿ ಮಾಡಿದರು. ಕಾಯಿಲೆ ಬಿದ್ದಾಗ ನನ್ನನ್ನು ಹತ್ತಿರ ಕರೆದರು.

"ಲೇ, ನಾನು ಸಡಿಲ ಬಿಟ್ಟಿಲ್ಲ ಅಂತ ಅವನಿಗೂ ಗೊತ್ತೈತೆ ಕಣೋ. ಅವನ ಬಾಯಿಂದ ಒಂದ್ಸಲ ಕೇಳಬೇಕಿತ್ತು."

ಕೇಳದೆಯೇ ಹೋದರು. ಕೈಗೆ ಹತ್ತಿದ ಗ್ರೀಸನ್ನು ಉಜ್ಜಿ ತೆಗೆದೇ ನಾನು ಅವರಿಗೆ ಹೆಗಲು ಕೊಟ್ಟೆ. ಸಾಹುಕಾರ ಬರಲಿಲ್ಲ.

ಶೆಡ್ಡು ಈಗ ನನ್ನದು. ಹಗಲಿಡೀ ಗೇಯ್ದು ಮತ್ತೆ ಕಾರುಗಳು ಬರುವ ಹಾಗೆ ಮಾಡಿದ್ದೇನೆ. ಆ ಬೆಲ್ಟು ಬಾಗಿಲ ಮೊಳೆಗೆ ತೂಗಿದೆ. ಹೋದ ವರ್ಷ ಕೆಂಪು ಕಾರು ಮತ್ತೆ ಬಂತು. ಇಂಜಿನ್ನು ಬೆಂಗಳೂರಿನಲ್ಲಿ ಹೊಸದಾಗಿತ್ತಂತೆ, ಆದರೆ ಅಂಥ ಹಳೇ ಗಾಡಿ ಮುಟ್ಟುವವರು ಈಗ ಯಾರೂ ಇಲ್ಲ. ಸಾಹುಕಾರನ ಮುಖದಲ್ಲಿ ಭಯವಿತ್ತು.

"ಎಲ್ಲಾ ಹೊಸದು ಹಾಕ್ಬಿಡಪ್ಪಾ, ಒಂದನ್ನೂ ಬಿಡಬೇಡ."

"ಎಲ್ಲಾ ಬೇಕಾಗಿಲ್ಲ," ಎಂದೆ. ಉಗುರು ಒತ್ತಿದೆ. ಬೆಲ್ಟು, ಎರಡು ಪೈಪು, ಬ್ರೇಕಿನ ರಬ್ಬರು ನಳಿಕೆ, ಇಷ್ಟನ್ನೇ ಬದಲಿಸಿದೆ. ಮೇಸ್ತ್ರಿ ಇದ್ದಿದ್ದರೂ ಅಷ್ಟನ್ನೇ ಮಾಡುತ್ತಿದ್ದರು. ಸಾಹುಕಾರ ಬಾನೆಟ್ಟಿನೊಳಗೆ ತಲೆ ಹಾಕಿ ಹುಡುಕಿದ.

"ಅಕ್ಷರ ಎಲ್ಲಿ? ಯಾವುದು ಎಲ್ಲಿ ತನಕ ಬರ್ತೈತೆ, ಹೇಳು."

"ಒರೆಸೋರು ನೀವಿದ್ದೀರಲ್ಲ ಸಾವ್ಕಾರ್ರೇ, ನಾನ್ಯಾಕೆ ಬರೀಲಿ? ತಳಕಿನ ಟೀ ಅಂಗಡಿ ಮುಂದೆ ನಿಂತು, ಮೇಸ್ತ್ರಿ ತಪ್ಪಿಲ್ಲ ಅಂತ ಒಂದು ಮಾತು ಹೇಳ್ರಿ. ಆಮೇಲೆ ಅಕ್ಷರ ಬರೀತೀನಿ."

ಅವನು ಮೊಳೆಯ ಮೇಲಿನ ಬೆಲ್ಟು ನೋಡಿದ. ಹೇಳಲಿಲ್ಲ. ಎತ್ತಿನ ಗಾಡಿಯ ವೇಗದಲ್ಲಿ ಊರಿಗೆ ಹೋದ.

ಈಗಲೂ ಮೊಳಕಾಲ್ಮೂರಿನಿಂದ ಆ ಕಾರು ತಳಕಿನ ತನಕ ಬರುತ್ತದಂತೆ. ಟೀ ಅಂಗಡಿಯ ಹತ್ತಿರ ಅವನು ಇಳಿದು, ಬಾನೆಟ್ಟು ಎತ್ತಿ ನೋಡಿ, ಮುಂದೆ ಹೋಗುವ ಧೈರ್ಯವಿಲ್ಲದೆ ತಿರುಗಿಸಿಕೊಂಡು ಹೋಗುತ್ತಾನಂತೆ. ಅಂಗಡಿಯವನು ನಗುತ್ತಾ ಹೇಳಿದಾಗ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಆ ಗಾಡಿ ಹುಬ್ಬಳ್ಳಿಗೆ ಹತ್ತು ಸಲ ಹೋಗಿ ಬರುವಷ್ಟು ಗಟ್ಟಿಯಾಗಿದೆ. ಕಳಪೆ ಕೆಲಸ ಮಾಡುವುದನ್ನು ಮೇಸ್ತ್ರಿ ನನಗೆ ಕಲಿಸಲಿಲ್ಲ.

ಅವರ ಸೀಮೆಸುಣ್ಣದ ತುಂಡು ನನ್ನ ಕಿವಿಯ ಸಂದಿಯಲ್ಲೇ ಇದೆ. ಬರೆಯಬೇಕಾದ ಅಕ್ಷರವೂ ಗೊತ್ತಿದೆ. ಅವನು ಮೊದಲು ಬಾಯಿ ಬಿಡಲಿ.