ಕರೂರಿನ ಸೊಸೆಯನ್ನು ಆಸ್ಪತ್ರೆಗೆ ಕರೆಯಲು ಹೋದದ್ದು

ಗರ್‌ರ್ ಎನ್ನುವ ಆ ಸದ್ದು ಈಗ ಎಲ್ಲಿಯೂ ಕೇಳುವುದಿಲ್ಲ. ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಬಳ್ಳಾರಿಯಲ್ಲಿ ಅಂಥವು ಒಂದೆರಡು ಓಡುತ್ತಿದ್ದವು. ಹೊರಡುವ ಮುಂಚೆ ಕ್ಲೀನರ್ ಹಿಂದೆ ನಿಂತು, ಬೀಸುವ ಕಲ್ಲು ತಿರುವಿದಂತೆ ಒಂದು ಹ್ಯಾಂಡಲ್ ತಿರುಗಿಸುತ್ತಿದ್ದ. ಇದ್ದಿಲು ಕೆಂಪಗಾಗಿ ಗ್ಯಾಸ್ ಹುಟ್ಟುವವರೆಗೂ ಗರಗರ, ಗರಗರ. ಒಳಗೆ ಕೂತ ನಾವು ಹೊಗೆ ಕುಡಿಯುತ್ತ, ಸೆರಗಿನಿಂದ ಮೂಗು ಮುಚ್ಚಿಕೊಂಡು ಕಾಯಬೇಕು. ನವರಾತ್ರಿ ಮುಗಿದ ಮೇಲಿನ ಒಂದು ಬೆಳಿಗ್ಗೆ ಹಾಗೆ ಕಾಯುತ್ತಿದ್ದವರಲ್ಲಿ ನಾನೂ ಒಬ್ಬಳು. ಪಕ್ಕದಲ್ಲಿ ಡಾಕ್ಟರ್ ಅನ್ನಮ್ಮ. ಕುರುಗೋಡಿಗೆ ತಲೆಗೆ ಒಂಬತ್ತಾಣೆ ಟಿಕೆಟ್ಟು, ಸುಮಾರು ಹದಿನೆಂಟು ಮೈಲಿ ದಾರಿ.

ಡಾಕ್ಟರ್ ಅನ್ನಮ್ಮ ತಿರುವಾಂಕೂರಿನ ಕಡೆಯವರು. ಮದ್ರಾಸಿನಲ್ಲಿ ಓದಿ ನಮ್ಮ ಊರಿನ ಆಸ್ಪತ್ರೆಗೆ ಬಂದಿದ್ದರು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಇಂಗ್ಲಿಷ್ ನೀರು ಕುಡಿದ ಹಾಗೆ, ತೆಲುಗು ಅಷ್ಟಿಷ್ಟು, ಕನ್ನಡ ಮಾತ್ರ ಮುರುಕು. ಕಾನ್ವೆಂಟ್ ಮುಗಿಸಿ ಮನೆಯಲ್ಲಿ ಎಂಬ್ರಾಯ್ಡರಿ ಹಾಕುತ್ತ ಕೂತಿದ್ದ ನನ್ನನ್ನು ಅಪ್ಪನ ಹತ್ತಿರ ಕೇಳಿ ತಮ್ಮ ಇಂಟರ್‌ಪ್ರಿಟರ್ ಮಾಡಿಕೊಂಡಿದ್ದರು. ಸಂಬಳ ಅಂತ ಹೆಚ್ಚೇನಿಲ್ಲ. ಆದರೆ, ಓ, ಎಂಥ ಫ್ರೀಡಂ!

ಆಗ ಆಸ್ಪತ್ರೆಯಲ್ಲಿ ಒಂದು ಸ್ಟಡಿ ನಡೆಯುತ್ತಿತ್ತು. ಚಳಿಜ್ವರಕ್ಕೆ ಹೊಸ ಮಾತ್ರೆಯೊಂದು ಬಂದಿತ್ತು. ಹಳೆಯ ಕ್ವಿನೈನ್ ಮೇಲೋ ಇದು ಮೇಲೋ ಎಂದು ನೋಡಬೇಕು. ರೋಗಿಗಳು ಮೂರು ವಾರ ವಾರ್ಡಿನಲ್ಲೇ ಇರಬೇಕು, ಚೀಟಿ ಎತ್ತಿ ಯಾರಿಗೆ ಯಾವ ಮಾತ್ರೆ ಬಂದರೆ ಅದನ್ನೇ ನುಂಗಬೇಕು, ದಿನಾ ಬೆರಳಿನಿಂದ ಒಂದು ಹನಿ ರಕ್ತ ಕೊಡಬೇಕು. ಗಂಡಸರ ವಾರ್ಡು ತುಂಬಿತ್ತು. ಹೆಂಗಸರ ವಾರ್ಡಿನಲ್ಲಿ ಮಂಚಗಳೆಲ್ಲ ಖಾಲಿ. ಔಟ್‌ಪೇಷಂಟಿಗೆ ಬಂದು ಹೋದವರಲ್ಲಿ ಡಾಕ್ಟರಮ್ಮನಿಗೆ ಮರೆಯದೆ ಉಳಿದವಳು ಒಬ್ಬಳೇ: ಕರೂರಿನ ಹುಲಿಗೆಮ್ಮ. ಹದಿನೆಂಟರ ಹುಡುಗಿ, ಮುಖ ಸುಣ್ಣದ ಗೋಡೆ, ಹೊಟ್ಟೆಯಲ್ಲಿ ಕೈಗೆ ಸಿಗುವ ಜ್ವರಗಡ್ಡೆ, ಅಂದರೆ ಜ್ವರಕ್ಕೆ ಊದಿದ ಗುಲ್ಮ. ಕೊಟ್ಟ ಕ್ವಿನೈನ್ ಕಟ್ಟಿಕೊಂಡು ಹೋದವಳು ಮತ್ತೆ ಬಂದಿರಲಿಲ್ಲ. "ಇನ್ನೊಂದು ಸಲ ಜ್ವರ ಬಂದರೆ ಅವಳು ಉಳಿಯುವುದಿಲ್ಲ, ಸುಶೀಲಾ," ಎಂದು ಡಾಕ್ಟರಮ್ಮ ಬಸ್ಸಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದರು. ವಾರ್ಡಿಗೆ ಹೆಂಗಸರನ್ನು ಕರೆತರಲು ಮೊದಲು ಕುರುಗೋಡು, ಆಮೇಲೆ ಅವಳಿಗಾಗಿ ಸಿರುಗುಪ್ಪ ದಾಟಿ ಕರೂರು: ಹೀಗೆ ನಮ್ಮ ಪ್ರಯಾಣ ಗೊತ್ತಾಗಿತ್ತು.

ಕುರುಗೋಡಿನಲ್ಲಿ ಇಳಿದಾಗ ಬಿಸಿಲು ಬಂಡೆಗಳ ಮೇಲೆ ಬಿದ್ದು ಮುಖಕ್ಕೆ ರಾಚುತ್ತಿತ್ತು. ಸ್ಟ್ಯಾಂಡಿನ ಎದುರು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು. ಡಾಕ್ಟರಮ್ಮನ ಕಣ್ಣಲ್ಲಿ ನೀರು ಇಳಿಯಿತು, ಆದರೂ ಇನ್ನೊಂದು ಮಿರ್ಚಿ ಕೇಳಿದರು. ಸಂಜೆ ಊರ ಗೌಡರು ದೊಡ್ಡ ಬಸವಣ್ಣನ ಗುಡಿಯ ಮುಂದೆ ಜನ ಸೇರಿಸಿಕೊಟ್ಟರು. ಡಾಕ್ಟರಮ್ಮ ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ, ಗಂಟಲು ಹರಿಯುವವರೆಗೆ ವಿವರಿಸಿದೆವು. ಹಿಂದೆ ಕೂತ ಹೆಂಗಸರು ತಲೆದೂಗಿದರು. "ಬರ್ತೀವ್ರಿ, ಬರ್ತೀವ್ರಿ," ಎಂದು ಎಂಟೊಂಬತ್ತು ಜನ ಹೇಳಿದರು. ಬೆಳಿಗ್ಗೆಯ ಬಳ್ಳಾರಿ ಬಸ್ಸಿಗೆ ಅವರನ್ನು ಹತ್ತಿಸಿ ನಾವು ಮುಂದೆ ಹೋಗುವುದೆಂದು ತೀರ್ಮಾನವಾಯಿತು. ಡಾಕ್ಟರಮ್ಮ ಆ ರಾತ್ರಿ ಹಾಡು ಗುನುಗುತ್ತ ಮಲಗಿದರು.

ಬೆಳಿಗ್ಗೆ ಬಸ್ಸು ಬಂತು, ನಿಂತಿತು, ಹೋಯಿತು. ಒಬ್ಬಳೂ ಬರಲಿಲ್ಲ.

ನಾವು ವಾಪಸ್ ಊರೊಳಗೆ ಹೋದೆವು. ಮೊದಲ ಓಣಿಯಲ್ಲೇ, ನಿನ್ನೆ ಎಲ್ಲರಿಗಿಂತ ಜೋರಾಗಿ 'ಬರ್ತೀವಿ' ಅಂದಿದ್ದ ಹೆಂಗಸು ಅಂಗಳಕ್ಕೆ ಸೆಗಣಿ ನೀರು ಹಾಕುತ್ತಿದ್ದಳು. ನನ್ನ ಮುಖ ಕೆಂಪಾಗಿತ್ತೋ ಏನೋ, ನೋಡಿ ನಕ್ಕಳು.

"ಯಾಕವ್ವಾ, ಬರ್ತೀನಿ ಅಂದಿದ್ರಲ್ಲ?" ಎಂದೆ.

"ಅಂದ್ವಿ. ಇಲ್ಲ ಅಂತ ಹೇಳಿಲ್ಲಲ್ಲ! ಆದ್ರ ನೀವು ಮನಿಗೆ ಬಂದು ಕರದ್ರೇನು? ಗುಡಿ ಮುಂದ ನಿಂತು ಡಂಗುರ ಸಾರಿದಂಗ ಸಾರಿದ್ರಿ. ಡಂಗುರ ಕೇಳಿ ಯಾವ ಹೆಣ್ಮಗಳು ಗಂಟು ಕಟ್ಟಿಕೊಂಡು ಊರು ಬಿಡ್ತಾಳ? ನನ್ನ ತಂಗಿ ಮದಿವಿಗೂ ನಾನು ಕರದ ಮ್ಯಾಲೇ ಹೋಗಿದ್ದು, ತಾಯಿ."

ಅದನ್ನು ಡಾಕ್ಟರಮ್ಮನಿಗೆ ಹೇಳಿದೆ. "ಹಾಗಾದರೆ ನಾವು ಯಾರನ್ನೂ ಇನ್ವೈಟ್ ಮಾಡಿಯೇ ಇಲ್ಲ," ಎಂದಷ್ಟೇ ಅಂದರು.

ಮತ್ತೆ ಮನೆಮನೆಗೆ ಹೋಗಿ ಕರೆಯುತ್ತ ಕೂತರೆ ಕರೂರಿನ ಹುಡುಗಿಗೆ ತಡವಾಗುತ್ತಿತ್ತು. ಎತ್ತಿನ ಗಾಡಿಯಲ್ಲಿ ದೊಡ್ಡ ರಸ್ತೆಗೆ ಬಂದು ಸಿರುಗುಪ್ಪದ ಬಸ್ಸು ಹಿಡಿದೆವು. ತೆಕ್ಕಲಕೋಟೆ ದಾಟುತ್ತಲೇ ದಾರಿಯ ಬಣ್ಣ ಬದಲಾಯಿತು. ಅಲ್ಲಿಯವರೆಗೆ ಕಪ್ಪು ನೆಲ, ಹತ್ತಿ, ಜೋಳ. ಆಮೇಲೆ ಕಾಲುವೆ, ಕಾಲುವೆಯ ಎರಡೂ ಕಡೆ ಕಣ್ಣು ತಂಪಾಗುವ ಭತ್ತ. ನನಗೆ ಖುಷಿಯೋ ಖುಷಿ. "ಹೌ ಗ್ರೀನ್!" ಎಂದೆ. ಡಾಕ್ಟರಮ್ಮ ಕಿಟಕಿಯಿಂದ ಮುಖ ತಿರುಗಿಸದೆ, "ಎಲ್ಲ ಸೊಳ್ಳೆ, ಮೈ ಡಿಯರ್," ಎಂದರು.

ಸಿರುಗುಪ್ಪದಲ್ಲಿ ನನ್ನ ಸೋದರತ್ತೆಯ ಮನೆ. ಅತ್ತೆ ಬಿಸಿ ಅನ್ನ, ಪುಂಡಿಪಲ್ಯ, ಕೆನೆಮೊಸರು ಬಡಿಸುತ್ತ ನಮ್ಮ ಕಥೆ ಕೇಳಿದರು. ಕುರುಗೋಡಿನದ್ದು ಕೇಳಿ ಹಣೆ ಚಚ್ಚಿಕೊಂಡರು. "ಇಂಗ್ಲಿಷ್ ಸಾಲಿಗೆ ಹೋಗಿ ಇಷ್ಟೂ ಕಲೀಲಿಲ್ಲೇನ ನೀನು?" ಎಂದು ನನಗೆ ಬೈದು, ಬೆಳಿಗ್ಗೆ ಒಂದು ಚೀಲ ತಂದು ಇಟ್ಟರು. ಬಾಳೆಹಣ್ಣು, ಮಂಡಕ್ಕಿ, ಒಂದು ತೆಂಗಿನಕಾಯಿ, ಕುಪ್ಪಸಕ್ಕೆಂದು ಒಂದು ಬಟ್ಟೆಯ ಕಣ. "ಬರಿಗೈಲೆ ಕರಿಯಾಕ ಹೋಗಬ್ಯಾಡ್ರಿ."

ಡಾಕ್ಟರಮ್ಮ ಚೀಲವನ್ನು ಹಾವು ನೋಡಿದಂತೆ ನೋಡಿದರು. ರೋಗಿಗೆ ಏನಾದರೂ ಕೊಟ್ಟು ಸ್ಟಡಿಗೆ ಸೇರಿಸಿಕೊಳ್ಳುವುದೆಂದರೆ ಅವರಿಗೆ ಆಗದು. "ಇದು ಬ್ರೈಬ್ ಅಲ್ಲವೇ, ಕೇಳು," ಎಂದರು. ನಾನು ಲಂಚ ಎಂದು ಹೇಳಿದ್ದೇ ತಡ, ಅತ್ತೆ ಬಿದ್ದು ಬಿದ್ದು ನಕ್ಕರು.

"ನಾಕು ಬಾಳಿಹಣ್ಣಿನ ಲಂಚಕ್ಕ ಯಾರು ಸೊಸೀನ ಕಳಸ್ತಾರ ಅಂತ ಕೇಳು ನಿಮ್ಮ ಡಾಕ್ಟರಮ್ಮನ್ನ! ಇದು ಲಂಚ ಅಲ್ಲವ್ವಾ, ಮರ್ಯಾದಿ."

ಕರೂರಿಗೆ ಗಾಡಿಯಲ್ಲಿ ಹೊರಟಾಗ ಕಾಲುವೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ದಾರಿಯುದ್ದಕ್ಕೂ ಡಾಕ್ಟರಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು, ಬಾಳೆಹಣ್ಣು ನಲುಗಬಾರದೆಂದು. ಹುಲಿಗೆಮ್ಮನ ಮನೆ ಊರ ಅಂಚಿನಲ್ಲಿತ್ತು. ಅವಳ ಅತ್ತೆ ನಾಗಮ್ಮ ಬಾಗಿಲಲ್ಲೇ ಭತ್ತ ಕೇರುತ್ತಿದ್ದಳು. ಗಂಡ ಈರಣ್ಣ ಕಂಬಕ್ಕೆ ಒರಗಿ ನಿಂತ. ಹುಲಿಗೆಮ್ಮ ಒಳಗೆ ಕಂಬಳಿ ಹೊದ್ದು ಕೂತಿದ್ದಳು. ನಾವು ಬಂದದ್ದು ನೋಡಿ ಎದ್ದು ನಿಂತವಳು ಗೋಡೆ ಹಿಡಿದುಕೊಂಡಳು.

ಕೊಟ್ಟ ಕ್ವಿನೈನ್ ಏನಾಯಿತೆಂದು ಕೇಳಿದೆ.

"ಮನ್ಯಾಗ ಮೂರು ಮಂದಿಗೆ ಜ್ವರ," ಎಂದಳು ನಾಗಮ್ಮ. "ಒಬ್ಬಾಕಿ ಬಾಯಾಗ ಹಾಕಿ ಉಳಿದೋರು ನೋಡಿಕೋತ ಕುಂದ್ರಬೇಕೇನು? ಹಂಚಿಕೊಂಡ್ವಿ."

ಡಾಕ್ಟರಮ್ಮ ಕಣ್ಣು ಮುಚ್ಚಿ ತೆರೆದರು. ಮೊದಲು ಮನೆಯವರೆಲ್ಲರಿಗೂ ಬೇರೆ ಬೇರೆ ಮಾತ್ರೆ ಎಣಿಸಿ ಕೊಟ್ಟರು. ಆಮೇಲೆ, ಹುಲಿಗೆಮ್ಮನಿಗೆ ಅಷ್ಟು ಸಾಲದು, ಆಸ್ಪತ್ರೆಯಲ್ಲೇ ಇರಬೇಕು ಎಂದು ಹೇಳಿಸಿದರು. ಸ್ಟಡಿಯ ವಿಷಯ, ಎರಡು ಮಾತ್ರೆಯ ವಿಷಯ ಎಲ್ಲ ಹೇಳಿಸಿದರು. ಅದಕ್ಕೆ ಒಪ್ಪದಿದ್ದರೂ ಮಂಚವೂ ಔಷಧಿಯೂ ಉಂಟು ಎಂದು ಎರಡು ಸಲ ಹೇಳಿಸಿದರು.

"ಎರಡರಾಗ ಯಾವುದು ಚಲೋ?" ಎಂದು ಕೇಳಿದ ಈರಣ್ಣ.

ಡಾಕ್ಟರಮ್ಮ ತಾವೇ ಕನ್ನಡದಲ್ಲಿ ಉತ್ತರಿಸಿದರು. "ನನಗೆ ಗೊತ್ತಿಲ್ಲ."

"ಗೊತ್ತಿಲ್ಲದ ಡಾಕ್ಟರು ಇಷ್ಟು ದೂರ ಬಂದೀರಿ?" ನಾಗಮ್ಮ ಮೊರ ಕೆಳಗಿಟ್ಟಳು. "ಮತ್ತ ಬೆರಳು ಚುಚ್ಚಿ ರಕ್ತ ತಗೊಂಡು ಹೊಸಪ್ಯಾಟಿ ಕಡೆ ಕಟ್ಟಾಕ ಹತ್ಯಾರಲ್ಲ, ಆ ಹೊಳಿ ಕಟ್ಟೀಗೆ ಸುರೀತಾರಂತ, ಖರೇನ?"

ಅಣೆಕಟ್ಟಿನ ಈ ಮಾತನ್ನು ನಾನು ಹೇಳಿದಾಗ ಡಾಕ್ಟರಮ್ಮನಿಗೆ ನಗು ಬಂತು. "ದಿನಕ್ಕೊಂದು ಹನಿ. ಅಷ್ಟರಲ್ಲಿ ಒಂದು ಕಲ್ಲೂ ಒದ್ದೆಯಾಗುವುದಿಲ್ಲ ಅಂತ ಹೇಳು. ಗೊತ್ತಿಲ್ಲ ಎಂದೇ ನೋಡಬೇಕಾಗಿದೆ ಅಂತಲೂ ಹೇಳು. ನಡುವೆ ಬೇಡ ಅನ್ನಿಸಿದರೆ ಅವಳು ಯಾವಾಗ ಬೇಕಾದರೂ ಎದ್ದು ಬರಬಹುದು. ಆಮೇಲೆ ಕೇಳು: ಅವಳು ಏನಂತಾಳೆ?"

ಅದನ್ನೂ ಕೇಳಿದೆ. ಗಂಡ ಹೆಂಡತಿಯ ಕಡೆ ನೋಡಿದ, ಅತ್ತೆ ಮಗನ ಕಡೆ. ಆ ಮನೆಯಲ್ಲಿ ಅಂಥ ಪ್ರಶ್ನೆ ಆವರೆಗೆ ಹುಟ್ಟಿರಲಿಲ್ಲವೆಂದು ಕಾಣುತ್ತದೆ. ಹುಲಿಗೆಮ್ಮ ಸೆರಗು ಎಳೆದುಕೊಂಡು ನೆಲಕ್ಕೆ ಹೇಳಿದಂತೆ ಕೇಳಿದಳು:

"ಅಲ್ಲಿ ಹಗಲೊತ್ತಿನ್ಯಾಗ ಮಕ್ಕೊಂಡ್ರ ಬೈತಾರೇನ್ರಿ?"

"ಯಾರೂ ಬೈಯೋದಿಲ್ಲ," ಎಂದೆ.

"ಹಂಗಾರ ಬರ್ತೀನಿ."

"ನೋಡ್ರಿ ಇಕಿನ್ನ!" ನಾಗಮ್ಮ ಕೈ ತಟ್ಟಿದಳು. "ಜ್ವರ ಹೋಗಲಿ ಅಂತಲ್ಲ, ನಿದ್ದಿ ಮಾಡಾಕ ಬರ್ತಾಳಂತ!"

ಡಾಕ್ಟರಮ್ಮ ಅಷ್ಟಕ್ಕೇ ಬಿಡಲಿಲ್ಲ. ಸೂಜಿಯ ಮಾತು ಮತ್ತೆ ಹೇಳಿಸಿದರು. "ನಾಟಿ ಮಾಡೋವಾಗ ಮುಳ್ಳು ಚುಚ್ಚಂಗಿಲ್ಲೇನ್ರಿ?" ಎಂದಳು ಹುಡುಗಿ. ಆಗ ಡಾಕ್ಟರಮ್ಮ ಚೀಲವನ್ನು ನಾಗಮ್ಮನ ಮುಂದಿಟ್ಟು, ಸಿರುಗುಪ್ಪದ ನನ್ನ ಅತ್ತೆ ಹೇಳಿಕೊಟ್ಟು ದಾರಿಯಲ್ಲಿ ಬಾಯಿಪಾಠ ಮಾಡಿದ್ದನ್ನು ಸ್ಕೂಲ್ ಗರ್ಲ್ ಥರ ಒಪ್ಪಿಸಿದರು: "ನಿಮ್ಮ ಸೊಸಿನ್ನ ಕರಿಯಾಕ ಬಂದೀನ್ರಿ."

ನಾಗಮ್ಮ ಕುಪ್ಪಸದ ಕಣವನ್ನು ಬಿಚ್ಚಿ ನೋಡಿದಳು, ಮಡಿಸಿದಳು. ದನಿ ಬದಲಾಗಿತ್ತು. "ಇಕಿಗೆ ತವರಿಲ್ಲವ್ವಾ. ತಾಯಿ ಹಡದು ಸತ್ಲು, ಅಪ್ಪ ಮದಿವಿ ಮಾಡಿ ಸತ್ತ. ನಮ್ಮನಿಗೆ ಬಂದಾಗಿಂದ ಇಕಿನ್ನ ಯಾರೂ ಕರಿಯಾಕ ಬಂದಿಲ್ಲ. ಓಣಿ ಮಂದಿ ಸೊಸ್ತೇರು ಪಂಚಮಿಗೆ ಹೋಗಿ ಬರ್ತಾರ, ಇಕಿ ಬಾಗಲದಾಗ ನಿಂತು ನೋಡ್ತಾಳ." ಮತ್ತೆ ಗಟ್ಟಿಯಾದಳು. "ಕಳಸ್ತೀನಿ. ಆದ್ರ ಕರದೋರೇ ತಂದು ಬಿಡಬೇಕು. ಒಬ್ಬಾಕಿನ್ನ ಬಸ್ಸಿಗೆ ಹಾಕಿ ಕಳಿಸಿದ್ರ ನಾನು ಬಾಗಲಾ ತಗಿಯಂಗಿಲ್ಲ."

"ನಾನೇ ತಂದು ಬಿಡ್ತೇನೆ," ಎಂದರು ಡಾಕ್ಟರಮ್ಮ.

ಅಂದೇ ಮಧ್ಯಾಹ್ನ ಸಿರುಗುಪ್ಪದಿಂದ ಬಳ್ಳಾರಿ ಬಸ್ಸು ಹತ್ತಿದೆವು. ಸುಮಾರು ಮೂವತ್ತೈದು ಮೈಲಿ. ಅರ್ಧ ದಾರಿಯಲ್ಲಿ ಹುಲಿಗೆಮ್ಮನಿಗೆ ಚಳಿ ಶುರುವಾಯಿತು. ಹಲ್ಲು ಕಟಕಟ ಎನ್ನುತ್ತಿತ್ತು. ನನ್ನ ಶಾಲು, ಡಾಕ್ಟರಮ್ಮನ ಕೋಟು, ಕಂಡಕ್ಟರ್ ಕೊಟ್ಟ ಗೋಣಿಚೀಲ ಎಲ್ಲ ಹೊದಿಸಿದರೂ ನಿಲ್ಲಲಿಲ್ಲ. ಆ ನಡುಕದಲ್ಲೂ ಅವಳು ಕಿಟಕಿ ಬಿಡಲಿಲ್ಲ. ಬಳ್ಳಾರಿ ಗುಡ್ಡ ಕಾಣಿಸಿದಾಗ, "ಬಂತೇನ್ರಿ?" ಎಂದು ಕೇಳಿದಳು. ಆಸ್ಪತ್ರೆಯ ಗೇಟಿನಲ್ಲಿ ಅವಳನ್ನು ಸ್ಟ್ರೆಚರಿನಲ್ಲೇ ಒಳಗೆ ಒಯ್ದರು.

ಮೊದಲ ವಾರ ಅವಳು ಉಳಿಯುತ್ತಾಳೆಂಬ ನಂಬಿಕೆ ನನಗಿರಲಿಲ್ಲ. ಎರಡನೆಯ ವಾರ ಎದ್ದು ಕೂತು ಗಂಜಿ ಬೇಡ, ರೊಟ್ಟಿ ಬೇಕು ಎಂದಳು. ಬೆರಳು ಚುಚ್ಚುವ ನರ್ಸಿಗೆ, "ಇವತ್ತು ಈ ಬೆರಳ್ರಿ, ಅದು ನಿನ್ನೆ ಕೊಟ್ಟಾತು," ಎಂದು ತಾನೇ ಹೇಳತೊಡಗಿದಳು. ಹಗಲೆಲ್ಲ ನಿದ್ದೆ ಮಾಡಿದಳು, ಯಾರೂ ಬೈಯಲಿಲ್ಲ. ಅವಳಿಗೆ ಚೀಟಿಯಲ್ಲಿ ಬಂದದ್ದು ಹಳೆಯ ಕ್ವಿನೈನೇ ಎಂದು ಆಮೇಲೆ ತಿಳಿಯಿತು. ಹೇಳಿದಾಗ ಸ್ವಲ್ಪ ಮುಖ ಸಣ್ಣಗೆ ಮಾಡಿಕೊಂಡಳು. "ಹೊಸಾದು ಇನ್ನೊಬ್ಬಾಕಿಗೆ ಹೋತಾ? ಹೋಗ್ಲಿ ಬಿಡ್ರಿ."

ಅಷ್ಟರಲ್ಲಿ ನನ್ನ ಮದುವೆ ಮದ್ರಾಸಿನ ಹುಡುಗನೊಂದಿಗೆ ಗೊತ್ತಾಗಿತ್ತು. ಅಪ್ಪ ಇನ್ನು ಊರೂರು ತಿರುಗುವುದು ಸಾಕೆಂದರು. ಆದ್ದರಿಂದ ಹುಲಿಗೆಮ್ಮನನ್ನು ಬಿಡಲು ಹೋಗುವಾಗ ನಾನು ಜೊತೆಯಲ್ಲಿರಲಿಲ್ಲ. ಮೋಟಾರ್ ಸ್ಟ್ಯಾಂಡಿನವರೆಗೆ ಮಾತ್ರ ಹೋದೆ. ವಾರ್ಡಿನಲ್ಲಿ ಅಂದು ಬೇರೆ ಡಾಕ್ಟರೇ ಇರಲಿಲ್ಲ. ಕಾಂಪೌಂಡರನ್ನು ಕಳಿಸಿದರೆ ಸಾಲದೇ ಎಂದು ಮೇಟ್ರನ್ ಕೇಳಿದ್ದರಂತೆ. ಡಾಕ್ಟರಮ್ಮ ಒಂದು ದಿನದ ರಜೆ ಬರೆದುಕೊಟ್ಟು ಬಂದಿದ್ದರು. ಆ ಸಲ ಕರೂರಿನಿಂದ ಅವರ ಹಿಂದೆಯೇ ಇಬ್ಬರು ಹೆಂಗಸರು, ಯಾರೂ ಕರೆಯದೆ, ಗಂಟು ಕಟ್ಟಿಕೊಂಡು ಬಂದರೆಂದು ಬಹಳ ದಿನದ ಮೇಲೆ ಒಬ್ಬ ನರ್ಸಿನಿಂದ ಕೇಳಿದೆ.

ಅಂದು ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನಲ್ಲಿ ಹುಲಿಗೆಮ್ಮ ಕಿಟಕಿಯ ಕಡೆ ಕೂತಿದ್ದಳು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಕೆನ್ನೆಯಲ್ಲಿ ಒಂದಿಷ್ಟು ರಕ್ತ. ಡಾಕ್ಟರಮ್ಮ ಪಕ್ಕದಲ್ಲಿ. ಕಂಡಕ್ಟರ್ ಟಿಕೆಟ್ ಹರಿಯುತ್ತ ಇಬ್ಬರನ್ನೂ ಒಮ್ಮೆ ನೋಡಿದ. ಕೋಟು ಹಾಕಿದ ದೊರೆಸಾನಿಯಂಥವರು ಒಬ್ಬರು, ಹಳ್ಳಿಯ ಸೊಸೆ ಒಬ್ಬಳು.

"ಇಕಿ ನಿಮಗ ಏನಾಗಬೇಕ್ರಿ, ಅಮ್ಮಾರ?"

ಡಾಕ್ಟರಮ್ಮ ಕಿಟಕಿಯ ಹೊರಗೆ ನಿಂತಿದ್ದ ನನ್ನ ಕಡೆ ತಿರುಗಿದರು, ಅಭ್ಯಾಸ ನೋಡಿ, ನಾನು ಹೇಳಿಕೊಡಲೆಂದು. ಮತ್ತೆ ತಾವೇ, ಒಂದೊಂದೇ ಮಾತು ಹುಡುಕುತ್ತ, ಹೇಳಿದರು.

"ನಮ್ಮ ಹುಡುಗಿ. ಗಂಡನ ಮನಿಗೆ ಬಿಡಾಕ ಹೊಂಟೀನಿ."

ಬಸ್ಸು ಹೊರಟಿತು. ಡಾಕ್ಟರ್ ಅನ್ನಮ್ಮನನ್ನು ನಾನು ನೋಡಿದ್ದು ಅದೇ ಕೊನೆಯ ಸಲ.