ನಾನು ಬರೆಯದ ಹೆಸರು

ಈ ಸಲ ಮತದಾರರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. "ಕಂಪ್ಯೂಟರ್ ತೆಗದೈತ್ರಿ ಅಜ್ಜಾರ, ನಾವೇನ್ ಮಾಡೂಣು?" ಎಂದ ಗುಮಾಸ್ತ ಮೊಬೈಲಿನಿಂದ ಕಣ್ಣೆತ್ತಲಿಲ್ಲ. ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆದರೆ ಅಂಥ ಮಾತನ್ನು ಅವನಿಗಿಂತ ಮೊದಲೇ ಆಡಿದವನು ನಾನು.

ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆಗೆ ಬೆಟಗೇರಿಯ ನೇಕಾರರ ಓಣಿಯಲ್ಲಿ ಮತದಾರರ ಹೆಸರು ಬರೆಯುವ ಕೆಲಸ ನನಗೆ ಸಿಕ್ಕಿತ್ತು. ಮಗ್ಗದ ಮುಂದೆ ಕುಳಿತಿದ್ದ ಒಬ್ಬಾಕೆಗೆ ಗಂಡನ ಹೆಸರು ಕೇಳಿದೆ.

"ಅವರ ಹೆಸರು ನಾ ಹೆಂಗ ಹೇಳ್ಲೋ ತಮ್ಮಾ? ಬಾಜೂ ಮನ್ಯಾಗ ಕೇಳು," ಎಂದು ನಕ್ಕಳು.

ಬಾಜೂ ಮನೆ ನಾಲ್ಕು ಹೆಜ್ಜೆ ದೂರ. ಮ್ಯಾಟ್ರಿಕ್ ಪಾಸಾದ ಸೊಕ್ಕಿನಲ್ಲಿ ನಾನು ಹೋಗಲಿಲ್ಲ. ಆಕೆಯ ಹೆಸರನ್ನೂ ಕೇಳದೆ 'ನೇಕಾರನ ಹೆಂಡತಿ' ಎಂದಷ್ಟೇ ಗೀಚಿದೆ. ಕಚೇರಿಯಲ್ಲಿ ಹೀಗೆ ಹೆಸರಿಲ್ಲದವರನ್ನೆಲ್ಲ ಪಟ್ಟಿಯಿಂದ ತೆಗೆದುಹಾಕಿದರು. ನೋಡಿಯೂ ಸುಮ್ಮನಿದ್ದೆ.

ಮತದಾನದ ದಿನ ಆಕೆ ಇಳಕಲ್ ಸೀರೆಯುಟ್ಟು ಬಂದು, ಸಾಲಿನಲ್ಲಿ ನಿಂತು, ಮತ ಹಾಕದೆ ಹೊರಬಂದಳು. ನನ್ನನ್ನು ಕಂಡು ಕೇಳಿದಳು: "ನೀನ ಬರಕೊಂಡು ಹೋಗಿದ್ದೆಲ್ಲೋ ತಮ್ಮಾ?"

"ಸರಕಾರದವ್ರು ತೆಗದಾರವ್ವಾ, ನಾನೇನ್ ಮಾಡ್ಲಿ?" ಎಂದೆ.

ಮುಂದೆ ಕನ್ನಡ ನಾಡು ಒಂದಾದಾಗ ಅದೇ ಓಣಿಯಲ್ಲಿ ಜೈಕಾರ ಕೂಗುತ್ತ ಹೋದೆ. ಆಕೆ ಬಾಗಿಲಲ್ಲಿ ನಿಂತಿದ್ದಳು. ತಪ್ಪು ನನ್ನದೆಂದು ಅಂದೂ ಹೇಳಲಿಲ್ಲ.