ಒತಾಕರನ ಅಣಬೆ ಜಾಗ

ನಮ್ಮ ಚೆಕ್ ನಾಡಿನ ತೆಲ್ಚ್ ಊರಿನಲ್ಲಿ ಬೀಗ ರಿಪೇರಿ ಮಾಡುವ ಒತಾಕರನ ಹೊಟ್ಟೆಯಲ್ಲಿ ಒಂದೇ ಒಂದು ಗುಟ್ಟಿತ್ತು: ಕಾಡಿನಲ್ಲಿ ಅಣಬೆ ಸಿಗುವ ಜಾಗ. ನಮ್ಮಲ್ಲಿ ಜನ ಸಂಬಳ ಹೇಳಿಯಾರು, ಮೂಲವ್ಯಾಧಿ ಹೇಳಿಯಾರು, ಬಿಟ್ಟುಹೋದ ಹೆಂಡತಿಯ ಕಥೆಯನ್ನೂ ಹೇಳಿಯಾರು. ಅಣಬೆಯ ಜಾಗ ಮಾತ್ರ ಹೇಳರು. ಒತಾಕರನ ಅಪ್ಪ ಅದನ್ನು ಸಾಯುವ ಮುನ್ನ ಮಗನ ಕಿವಿಯಲ್ಲಿ ಉಸುರಿದ್ದ, ಅದೂ ನರ್ಸನ್ನು ಹೊರಗೆ ಕಳಿಸಿ. ಮಾಂಸದಂಗಡಿಯ ದ್ರಾಹೋಮೀರಾ ಒಮ್ಮೆ ಒತಾಕರನ ಹಿಂದೆಯೇ ಸೈಕಲ್ ತುಳಿದು ಬಂದಾಗ, ಅವನು ಬುಟ್ಟಿ ಸಮೇತ ನೇರ ಚರ್ಚಿಗೆ ಹೋಗಿ ಕೂತುಬಿಟ್ಟಿದ್ದ. ದೇವರನ್ನು ನಂಬದ ಮನುಷ್ಯ!

ಅಂಥ ಗಟ್ಟಿಗ, ಅರವತ್ತರ ಹತ್ತಿರ ಇಂಗ್ಲಿಷ್ ಸಂಜೆ ತರಗತಿಗೆ ಸೇರಿದ. ಮಗಳು ಸ್ಕಾಟ್ಲೆಂಡಿನವನನ್ನು ಮದುವೆಯಾಗಿದ್ದಳು. ಅಳಿಯನನ್ನು ಬೈಯಲಿಕ್ಕಾದರೂ ಒಂದು ಭಾಷೆ ಬೇಡವೇ? ಎಲ್ಲ ಸಲೀಸಾಗಿ ಸಾಗಿ, ‘ಹೀಗಾದರೆ ಹಾಗೆ’ ಎನ್ನುವ ವಾಕ್ಯಗಳ ಹತ್ತಿರ ಗಾಡಿ ಹೂತುಕೊಂಡಿತು. ನಮ್ಮ ಚೆಕ್ ಭಾಷೆಯಲ್ಲಿ ಅಂಥ ಮಾತಿನ ಎರಡು ತುದಿಗೂ ‘ಬಿ’ ಎನ್ನುವ ಪುಟ್ಟ ಪದ ಬೇಕು. ಇಂಗ್ಲಿಷಿನವರೋ, ‘ಇಫ್’ ಪಕ್ಕ ‘ವುಡ್’ ಕಂಡರೆ ಮೈಮೇಲೆ ಹಲ್ಲಿ ಬಿದ್ದಂತೆ ಆಡುತ್ತಾರೆ. ಒತಾಕರ್ ಎರಡೂ ಕಡೆ ‘ವುಡ್’ ಬಡಿಯುತ್ತಲೇ ಇದ್ದ.

“ಇದೇ ಕೊನೇ ಸಲ, ಒತಾಕರ್ ಅವ್ರೇ,” ಎಂದಳು ಟೀಚರ್ ಲಿಬುಶೆ. “ಇವತ್ತು ರಾತ್ರಿ ಮಳೆ ಬಂದ್ರೆ, ಬೆಳಗ್ಗೆ ಎಲ್ಲಿಗೆ ಹೋಗ್ತೀರಿ?”

“ಈ ಜನ್ಮದಲ್ಲಿ ಇವ್ರಿಗೆ ಬರಲ್ಲ ಬಿಡಿ ಮೇಡಂ,” ಅದೇ ತರಗತಿಗೆ ಬರುತ್ತಿದ್ದ ದ್ರಾಹೋಮೀರಾ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಕ್ಕಳು.

ಒತಾಕರನಿಗೆ ರೇಗಿತು. ಕಣ್ಣು ಮುಚ್ಚಿ, ಬೆವರೊರೆಸಿಕೊಂಡು, ‘ವುಡ್’ ಅನ್ನು ಒಂದೇ ಕಡೆ ಕೂರಿಸಿ ಇಂಗ್ಲಿಷಿನಲ್ಲಿ ಹೇಳಿದ: “ರಾತ್ರಿ ಮಳೆ ಬಂದ್ರೆ, ನಾನು ಹಳೇ ಸಾಮಿಲ್ಲಿನ ಹಿಂದೆ, ತೊರೆ ದಾಟಿ, ಜೋಡಿ ಓಕ್ ಮರದ ಬುಡಕ್ಕೆ ಹೋಗ್ತೀನಿ.”

ಒಂದೂ ತಪ್ಪಿಲ್ಲ! ಎದೆ ಉಬ್ಬಿತು. ಆದರೆ ಚಪ್ಪಾಳೆ ಕೇಳಿಸಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಇಡೀ ತರಗತಿ ಬರೆದುಕೊಳ್ಳುತ್ತಿತ್ತು. ಟೀಚರ್ ಕೂಡ.

ರಾತ್ರಿ ಮಳೆ ಬಂತು. ಬರದೇ ಇರುತ್ತದೆಯೇ! ನಸುಕಿನಲ್ಲಿ ಒತಾಕರ್ ಏದುಸಿರು ಬಿಡುತ್ತ ಓಡಿಹೋದರೆ, ಓಕ್ ಮರಗಳ ಕೆಳಗೆ ಎಂದೂ ಇಲ್ಲದ ಪೂರ್ತಿ ಹಾಜರಿ. ಎಲ್ಲರೂ ಬಗ್ಗಿದ್ದರು. ದ್ರಾಹೋಮೀರಾ ಬುಟ್ಟಿ ತುಂಬಿಸಿ, ತಲೆವಸ್ತ್ರವನ್ನೂ ಬಿಚ್ಚಿ ಹಾಸಿದ್ದಳು. ಅಪ್ಪನ ನೆನಪಾಗಿ ಒತಾಕರನಿಗೆ ಅಳುವೇ ಬಂತು.

“ನಿನ್ನೆ ನಾನು ಬಾಯ್ ಮುಚ್ಕೊಂಡ್ ಕೂತಿದ್ದಿದ್ರೆ,” ಅವನು ಇಂಗ್ಲಿಷಿನಲ್ಲೇ ಗುಡುಗಿದ, “ಈ ಅಣಬೆ ಎಲ್ಲಾ ನಂದಾಗಿರ್ತಿತ್ತು!”

“ಅಬ್ಬಬ್ಬಾ! ಒಂದೂ ತಪ್ಪಿಲ್ಲ! ಈ ಥರದ ವಾಕ್ಯ ಮುಂದಿನ ತಿಂಗಳ ಪಾಠ ಕಣ್ರೀ!” ಎಂದು ಬೆರಗಾದ ಲಿಬುಶೆ, ಅವನ ಕಾಲ ಬಳಿಯಿದ್ದ ಎಲ್ಲಕ್ಕಿಂತ ದೊಡ್ಡ ಅಣಬೆಯನ್ನು ಚಾಕುವಿನಿಂದ ಕೊಯ್ದು ತನ್ನ ಬುಟ್ಟಿಗೆ ಹಾಕಿಕೊಂಡಳು.